ಅವ್ವನ ಪರದೇಶ ಪ್ರಯಾಣವೂ ವಿಮೆಯ ಕಾಗದವೂ

ಹಂಪಿಗೆ ಬರುವ ವಿದೇಶೀ ಯಾತ್ರಿಕರನ್ನು ಹೊಸಪೇಟೆಯವರಾದ ನಾವು ಚಿಕ್ಕಂದಿನಿಂದಲೂ ನೋಡುತ್ತ ಬಂದಿದ್ದೇವೆ. ಅವರ ಟೋಪಿ, ಬೆನ್ನಿನ ಚೀಲ, ನೀರಿನ ಶೀಶೆ ಎಲ್ಲವೂ ನಮಗೆ ಪರಿಚಿತವೇ. ಆದರೆ ಕೆಲವು ವರ್ಷಗಳ ಹಿಂದೆ ಮಾತಂಗ ಪರ್ವತದ ಮೆಟ್ಟಿಲುಗಳ ಬಳಿ ಕಂಡ ಒಂದು ಸಂಗತಿ ನಮ್ಮ ಮನಸ್ಸಿನಿಂದ ಮಾಸಿಲ್ಲ. ಎಪ್ಪತ್ತರ ಆಸುಪಾಸಿನ ವಿದೇಶೀ ಮಹಿಳೆಯೊಬ್ಬರು ಕಾಲು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಸುತ್ತ ನಿಂತಿದ್ದ ನಮ್ಮವರೆಲ್ಲ ನೀರು ಕೊಡುವವರು, ಗಾಳಿ ಬೀಸುವವರು, ಆಟೋ ಕರೆಯುವವರು. ಆಕೆಯಾದರೋ ನೋವಿನಲ್ಲಿಯೂ ಕೊರಳಿಗೆ ಜೋತುಬಿದ್ದಿದ್ದ ಸಣ್ಣ ಚೀಲದಿಂದ ಒಂದು ಕಾರ್ಡನ್ನು ತೆಗೆದು, ಅದರಲ್ಲಿದ್ದ ದೂರವಾಣಿ ಸಂಖ್ಯೆಗೆ ಕರೆ ಮಾಡಿರೆಂದು ಗೈಡಿಗೆ ತೋರಿಸಿದರು. ವಿಮಾ ಕಂಪನಿಯ ಸಂಖ್ಯೆ ಅದು. ಯಾವ ಆಸ್ಪತ್ರೆಗೆ ಒಯ್ಯಬೇಕು, ಹಣ ಯಾರು ಕಟ್ಟುತ್ತಾರೆ ಎಂಬುದೆಲ್ಲವೂ ಆ ಬಂಡೆಯ ಮೇಲೆಯೇ ನಿಶ್ಚಯವಾಯಿತು.

ನಮ್ಮ ಕಡೆಯ ಹಿರಿಯರು ಪರದೇಶಕ್ಕೆ ಹೊರಟಾಗಿನ ಸಿದ್ಧತೆಯನ್ನು ವಾಚಕ ಬಂಧುಗಳೆಲ್ಲರೂ ಬಲ್ಲರು. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಕಟಕ ರೊಟ್ಟಿ, ಬಾಣಂತಿಗೆ ಅಂಟಿನುಂಡೆ, ಕೂಸಿಗೆ ಬಜೆ, ವಿಭೂತಿ ಗಟ್ಟಿ ಇವುಗಳ ತೂಕವನ್ನು ಮೂರು ಮೂರು ಬಾರಿ ತಕ್ಕಡಿಗೆ ಹಾಕಿ ನೋಡುತ್ತೇವೆ. ವಿಮೆಯ ಮಾತು ಬರುವುದು ಕೊನೆಯ ವಾರದಲ್ಲಿ. ಅದೂ ಟಿಕೆಟಿನ ಏಜೆಂಟರು ಕೇಳಿದರೆ ಮಾತ್ರ. "ಹೊರಡುವ ಹೊತ್ತಿನಲ್ಲಿ ಆಸ್ಪತ್ರೆಯ ಮಾತೇಕೆ, ಅಪಶಕುನ" ಎನ್ನುವವರೂ ಇದ್ದಾರೆ. ಶಕುನ ನೋಡಬಾರದೆಂದು ಕಲಿತ ಮನೆಗಳಲ್ಲಿಯೇ ಈ ಮಾತು ಕೇಳಿಬರುವುದು ನಮಗೆ ಸೋಜಿಗ. ನಮ್ಮ ಮನೆಯೂ ಇದಕ್ಕೆ ಹೊರತಾಗಿರಲಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡು ಈ ತಿಂಗಳ ಅಂಕಣವನ್ನು ಆರಂಭಿಸುತ್ತೇವೆ.

ನಮ್ಮ ತಾಯಿಯವರು ಕಂಪ್ಲಿಯಲ್ಲಿದ್ದಾರೆ. 2024ರಲ್ಲಿ ಅವರಿಗೆ 68 ವರ್ಷ. ಸಕ್ಕರೆ ಕಾಯಿಲೆ ಬಂದು ಹದಿನಾರು ವರ್ಷಗಳು ಸಂದಿದ್ದವು, ರಕ್ತದೊತ್ತಡವೂ ಜೊತೆಗಿತ್ತು, ನಾಲ್ಕು ವರ್ಷಗಳ ಹಿಂದೆ ಹೃದಯದ ರಕ್ತನಾಳಕ್ಕೆ ಒಂದು ಸ್ಟೆಂಟ್ ಹಾಕಿಸಿದ್ದೆವು. ಇಷ್ಟಿದ್ದರೂ ಬೆಳಗಿನ ಪೂಜೆ, ಅಂಗಳದ ಕಸ, ಗದ್ದೆಯ ಆಳುಗಳ ಬುತ್ತಿ ಯಾವುದನ್ನೂ ಬಿಟ್ಟವರಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿರುವ ನಮ್ಮ ತಂಗಿಗೆ ಎರಡನೆಯ ಹೆರಿಗೆ 2025ರ ಜನವರಿಯ ಎರಡನೆಯ ವಾರಕ್ಕೆಂದು ವೈದ್ಯರು ಹೇಳಿದ್ದರು. ಮೊದಲ ಬಾಣಂತನ ಕಂಪ್ಲಿಯಲ್ಲಿಯೇ ಆಗಿತ್ತು. ಈ ಬಾರಿ ತಾವೇ ಹೋಗಬೇಕೆಂದು ತಾಯಿಯವರು ಹಟ ಹಿಡಿದರು. ವೀಸಾ ಸಂದರ್ಶನಕ್ಕೆ ಹೈದರಾಬಾದಿಗೆ ಕರೆದೊಯ್ದೆವು. ಅಲ್ಲಿ ಕೇಳಿದ ಪ್ರಶ್ನೆಗಳಿಗೆಲ್ಲ ಅವರು ಧೈರ್ಯದಿಂದ ಉತ್ತರಿಸಿದರು. ವೀಸಾ ದೊರೆಯಿತು. ಅಮೆರಿಕಕ್ಕೆ ಹೋಗುವ ಸಂದರ್ಶಕರಿಗೆ ವಿಮೆ ಕಡ್ಡಾಯವಲ್ಲವಾದ್ದರಿಂದ ಅದರ ಬಗ್ಗೆ ಅಲ್ಲಿ ಯಾರೂ ಕೇಳಲಿಲ್ಲ, ನಾವೂ ಮರೆತೆವು. ಯೂರೋಪಿನ ಷೆಂಗೆನ್ ದೇಶಗಳಾಗಿದ್ದರೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆಯಿಲ್ಲದೆ ವೀಸಾವನ್ನೇ ಕೊಡುವುದಿಲ್ಲ. ಕೆನಡಾದಲ್ಲಿ ತಂದೆತಾಯಿಗಳಿಗೆ ಕೊಡುವ ಸೂಪರ್ ವೀಸಾಕ್ಕೆ ಕನಿಷ್ಠ 1 ಲಕ್ಷ ಕೆನಡಾ ಡಾಲರಿನ, ಒಂದು ವರ್ಷದ ವಿಮೆ ಬೇಕು. ಕಡ್ಡಾಯವಿರುವ ಕಡೆ ಕಾಗದಕ್ಕಾದರೂ ಕೊಳ್ಳುತ್ತೇವೆ. ಕಡ್ಡಾಯವಿಲ್ಲದ ಕಡೆಯೇ, ಎಂದರೆ ಆಸ್ಪತ್ರೆಯ ಬಿಲ್ಲು ಅತ್ಯಂತ ಭಾರವಾಗಿರುವ ಅಮೆರಿಕಕ್ಕೆ ಹೊರಟಾಗಲೇ, ನಾವು ಕೈಬೀಸಿಕೊಂಡು ಹೊರಡುತ್ತೇವೆ.

"ಅಲ್ಲಿ ಮುದುಕರಿಗೆ ಸರ್ಕಾರದವರೇ ನೋಡ್ತಾರಂತಲ್ಲ" ಎಂದು ಕೇಳಿದವರು ಅನೇಕರು. ಅಲ್ಲಿ 65 ದಾಟಿದವರಿಗೆ ಮೆಡಿಕೇರ್ ಎಂಬ ಯೋಜನೆ ಇರುವುದು ನಿಜ. ಅದು ಸಂದರ್ಶಕರಿಗೆ ಅಲ್ಲ. ಗ್ರೀನ್ ಕಾರ್ಡ್ ಪಡೆದು ಹೋದ ತಂದೆತಾಯಿಗಳಿಗೂ ಸತತ ಐದು ವರ್ಷ ಅಲ್ಲಿ ನೆಲೆಸಿದ ಮೇಲೆಯೇ ಹಣ ಕಟ್ಟಿ ಸೇರುವ ಅವಕಾಶ. 1986ರ ಕಾನೂನಿನಂತೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದವರನ್ನು ಹಣವಿಲ್ಲವೆಂದು ಹೊರಗಟ್ಟುವಂತಿಲ್ಲ. ಪರೀಕ್ಷಿಸಿ, ಪ್ರಾಣಾಪಾಯ ತಪ್ಪುವವರೆಗೆ ಚಿಕಿತ್ಸೆ ಮಾಡಲೇಬೇಕು. ಆದರೆ ಆ ಚಿಕಿತ್ಸೆ ಪುಕ್ಕಟೆಯಲ್ಲ. ಬಿಲ್ಲು ಅನಂತರ ಮನೆಗೆ ಬರುತ್ತದೆ. ಇನ್ನು ನಮ್ಮ ದೇಶದ ಆಯುಷ್ಮಾನ್ ಕಾರ್ಡು. 2024ರ ಅಕ್ಟೋಬರ್ 29ರಂದು ಅದನ್ನು 70 ದಾಟಿದ ಹಿರಿಯರೆಲ್ಲರಿಗೂ ವಿಸ್ತರಿಸಲಾಯಿತು. ಅದಾದರೂ ಭಾರತದೊಳಗಿನ ನೋಂದಾಯಿತ ಆಸ್ಪತ್ರೆಗಳಿಗಷ್ಟೇ ಸಲ್ಲುತ್ತದೆ. ಸಮುದ್ರ ದಾಟಿದ ಮೇಲೆ ಅದು ಬರಿಯ ಕಾರ್ಡು.

ನವೆಂಬರಿನ ಕೊನೆಯಲ್ಲಿ ಪರಿಚಯದ ಏಜೆಂಟರೊಬ್ಬರು ಮನೆಗೆ ಬಂದು ಪ್ರಸ್ತಾವನೆಯ ನಮೂನೆಯನ್ನು ಮೇಜಿನ ಮೇಲಿಟ್ಟರು. ರೋಗಗಳ ಪಟ್ಟಿಯಿದ್ದ ಪುಟಕ್ಕೆ ಬಂದಾಗ ಸ್ವಲ್ಪ ದನಿ ತಗ್ಗಿಸಿ, "ಎಲ್ಲಕ್ಕೂ ಇಲ್ಲ ಅಂತ ಹಾಕ್ರಿ ಸರ್. ಎಲ್ಲಾರೂ ಹಂಗ ಮಾಡ್ತಾರ. ಸ್ಟೆಂಟ್ ಅಂತ ಬರದ್ರ ಕಂಪನಿಯವ್ರು ಪಾಲಿಸಿನೇ ಕೊಡಂಗಿಲ್ಲ" ಎಂದರು. ಅವರು ಕೆಟ್ಟ ಮನುಷ್ಯರಲ್ಲ. ನಮಗೆ ನಾಲ್ಕು ಸಾವಿರ ಉಳಿಸಬೇಕೆಂಬುದೇ ಅವರ ಉದ್ದೇಶವಾಗಿತ್ತು. ಸಂಡೂರಿನ ನಮ್ಮ ಬಂಧುಗಳೊಬ್ಬರ ಕಥೆ ಗೊತ್ತಿಲ್ಲದಿದ್ದರೆ ನಾವೂ ಆಗ ತಲೆಯಾಡಿಸುತ್ತಿದ್ದೆವೇನೋ.

ಆ ಹಿರಿಯರು ಅದಿರಿನ ಲಾರಿಗಳ ಸುಗ್ಗಿಯ ಕಾಲದಲ್ಲಿ ಎರಡು ಲಾರಿ ಇಟ್ಟುಕೊಂಡಿದ್ದವರು. ಕೆಂಪು ದೂಳಿನಲ್ಲಿಯೇ ಬದುಕಿದವರು. ದಮ್ಮು ಅವರಿಗೆ ಹತ್ತು ವರ್ಷಗಳಿಂದ ಇತ್ತು; ಜೇಬಿನಲ್ಲಿ ಸದಾ ಇನ್‌ಹೇಲರ್ ಇರುತ್ತಿತ್ತು. ಮಗನ ಮನೆಗೆಂದು ಅಮೆರಿಕಕ್ಕೆ ಹೋಗುವಾಗ ನಮೂನೆಯಲ್ಲಿ ಅದನ್ನು ಬರೆಯಲಿಲ್ಲ. ಅಲ್ಲಿಯ ಚಳಿಗೆ ನ್ಯುಮೋನಿಯಾ ಆಯಿತು. ಐದು ದಿನ ಆಸ್ಪತ್ರೆಯಲ್ಲಿದ್ದರು. ವೈದ್ಯರು "ಹಿಂದೆ ಉಸಿರಾಟದ ತೊಂದರೆ ಇತ್ತೇ?" ಎಂದು ಕೇಳಿದರು. ವೈದ್ಯರೆದುರು ಸುಳ್ಳು ಹೇಳುವವರು ಯಾರು? "ಹತ್ತು ವರ್ಷದಿಂದ ಐತ್ರಿ" ಎಂದು ಮಗನ ಮೂಲಕ ಹೇಳಿಸಿದರು. ಅದು ಹಾಗೆಯೇ ಬಿಡುಗಡೆಯ ಸಾರಾಂಶದಲ್ಲಿ ದಾಖಲಾಯಿತು. ವಿಮಾ ಕಂಪನಿ ಬೇರೆ ಯಾವ ಪತ್ತೇದಾರಿಕೆಯನ್ನೂ ಮಾಡಬೇಕಾಗಲಿಲ್ಲ. ಆ ಒಂದು ಸಾಲನ್ನು ನಮೂನೆಯ ಪಕ್ಕದಲ್ಲಿಟ್ಟು ಕ್ಲೇಮನ್ನು ತಳ್ಳಿಹಾಕಿತು. ಮಗ ಆಸ್ಪತ್ರೆಯವರಲ್ಲಿ ಬೇಡಿಕೊಂಡು ಬಿಲ್ಲನ್ನು ಸಾಕಷ್ಟು ಇಳಿಸಿಕೊಂಡನಂತೆ. ಲಾಭಕ್ಕಲ್ಲದೆ ನಡೆಯುವ ಅಲ್ಲಿಯ ಆಸ್ಪತ್ರೆಗಳು ಹಣಕಾಸಿನ ನೆರವಿನ ನಿಯಮಗಳನ್ನು ಇಟ್ಟುಕೊಂಡಿರಲೇಬೇಕು. ಕೇಳಿದವರಿಗೆ ಕಂತುಗಳನ್ನೂ ಮಾಡಿಕೊಡುತ್ತಾರೆ. ಅಷ್ಟಾದರೂ ಸಂಡೂರಿನಲ್ಲಿ ಉಳಿದಿದ್ದ ಒಂದು ಲಾರಿಯನ್ನು ಮಾರಬೇಕಾಯಿತು.

ಇದಕ್ಕೆ ಪ್ರತಿಯಾಗಿ ನಿಜವನ್ನು ಬರೆದವರ ಕಥೆಯೊಂದಿದೆ. ಅದು ನಮ್ಮ ಬಂಧುಗಳದಲ್ಲ. ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿರುವುದು. 2009ರ ಮೇ ತಿಂಗಳಲ್ಲಿ ಒಬ್ಬರು ಬಂಧುಗಳ ಮದುವೆಗೆಂದು ಅಮೆರಿಕಕ್ಕೆ ಹೊರಡುವ ಮುನ್ನ ವಿದೇಶ ಪ್ರಯಾಣದ ಮೆಡಿಕ್ಲೇಮ್ ಪಾಲಿಸಿ ಪಡೆದರು. ತಮಗೆ ಸಕ್ಕರೆ ಕಾಯಿಲೆ ಇದೆಯೆಂದು ನಮೂನೆಯಲ್ಲಿ ತಿಳಿಸಿದ್ದರು. ವೈದ್ಯಕೀಯ ಪರೀಕ್ಷೆಯೂ ಆಗಿತ್ತು. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿ ಇಳಿದೊಡನೆಯೇ ಮೈ ಬೆವೆತು ಕುಸಿದರು. ಆಸ್ಪತ್ರೆಯಲ್ಲಿ ಮೂರು ಸ್ಟೆಂಟ್‌ಗಳನ್ನು ಹಾಕಿದರು. ಕೊಲೆಸ್ಟರಾಲಿಗೆ ಕೊಡುವ ಸ್ಟ್ಯಾಟಿನ್ ಗುಳಿಗೆಯನ್ನು ಸೇವಿಸುತ್ತಿದ್ದುದನ್ನು ತಿಳಿಸಲಿಲ್ಲ, ಇದು ಮೊದಲೇ ಇದ್ದ ಕಾಯಿಲೆಯ ಫಲ ಎಂದು ಕಂಪನಿ ಹಣ ಕೊಡಲು ಒಪ್ಪಲಿಲ್ಲ. ರಾಷ್ಟ್ರೀಯ ಗ್ರಾಹಕ ಆಯೋಗದಲ್ಲಿ ಅವರಿಗೆ ಸೋಲಾಯಿತು. ಕೊನೆಗೆ 2021ರ ಡಿಸೆಂಬರ್ 6ರಂದು ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪಿತ್ತಿತು. ತೀರ್ಪನ್ನು ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು. ಇರುವ ಕಾಯಿಲೆಯನ್ನು ತಿಳಿದೂ ಪಾಲಿಸಿ ಕೊಟ್ಟ ಮೇಲೆ, ಅದೇ ಕಾಯಿಲೆಯ ನೆಪ ತೆಗೆದು ಹಣ ನಿರಾಕರಿಸುವಂತಿಲ್ಲವೆಂಬುದು ಅದರ ಮುಖ್ಯ ಮಾತು. ಹಣವನ್ನು ಬಡ್ಡಿಯೊಡನೆ ಕೊಡಬೇಕೆಂದು ಆದೇಶವಾಯಿತು. ಹನ್ನೆರಡು ವರ್ಷ ಕಾದದ್ದು ಅನ್ಯಾಯವೇ ಸರಿ. ಆದರೆ ನಮೂನೆಯಲ್ಲಿ ಸಕ್ಕರೆ ಕಾಯಿಲೆಯೆಂಬ ಒಂದು ಪದ ಇಲ್ಲದಿದ್ದರೆ ಆ ಹನ್ನೆರಡು ವರ್ಷಗಳ ಹೋರಾಟಕ್ಕೆ ಆಧಾರವೇ ಇರುತ್ತಿರಲಿಲ್ಲ. ಸೇವಿಸುವ ಗುಳಿಗೆಗಳ ಪಟ್ಟಿಯನ್ನೂ ಬರೆಯಬೇಕೆಂಬುದು ನಾವು ಅದರಿಂದ ಕಲಿತದ್ದು.

ಏಜೆಂಟರನ್ನು ಚಹಾ ಕುಡಿಸಿ ಕಳುಹಿಸಿ, ಆ ರಾತ್ರಿ ತಾಯಿಯವರನ್ನು ಎದುರಿಗೆ ಕೂರಿಸಿಕೊಂಡು ನಮೂನೆಯನ್ನು ನಾವೇ ತುಂಬಲು ಕುಳಿತೆವು. ಸಕ್ಕರೆ, ಹೌದು. ಒತ್ತಡ, ಹೌದು. ಸ್ಟೆಂಟ್, ಹೌದು, ಯಾವ ತಿಂಗಳು? ಹಳೆಯ ಫೈಲು ತೆಗೆದು ನೋಡಿ ಬರೆದೆವು. "ಕಳೆದ ಆರು ತಿಂಗಳಲ್ಲಿ ಎದೆನೋವು, ತಲೆಸುತ್ತು, ಬೆವರುವಿಕೆ ಮೊದಲಾದ ಯಾವುದಾದರೂ ತೊಂದರೆ ಕಂಡುಬಂದಿದೆಯೇ?" ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಓದಿ ಹೇಳಿ, ಉತ್ತರಕ್ಕೆ ಕಾಯದೆ "ಇಲ್ಲ" ಎಂದು ಬರೆಯಲು ಹೊರಟಿದ್ದೆವು. ತಾಯಿಯವರು ಸುಮ್ಮನಿದ್ದರು. ಅವರು ಸುಮ್ಮನಿರುವವರಲ್ಲ. ಲೇಖನಿಯನ್ನು ಕೆಳಗಿಟ್ಟೆವು.

"ಸುಳ್ಳು ಬರೀಬ್ಯಾಡ" ಎಂದರು ಬಹಳ ಹೊತ್ತಿನ ಮೇಲೆ. ಶ್ರಾವಣ ಮಾಸದಲ್ಲಿ ಎರಡು ಸೋಮವಾರದ ರಾತ್ರಿ ಎದೆ ಹಿಡಿದಂತಾಗಿ, ಸೀರೆಯೆಲ್ಲ ತೊಯ್ಯುವಂತೆ ಬೆವೆತು, ಗೋಡೆ ಹಿಡಿದು ಕೂತಿದ್ದರಂತೆ. ನಮಗೆ ತಿಳಿದರೆ ಪ್ರಯಾಣ ತಪ್ಪುತ್ತದೆಂದು ಯಾರಿಗೂ ಹೇಳದೆ, ಕಂಪ್ಲಿಯ ವೈದ್ಯರ ಬಳಿ ತಾವೊಬ್ಬರೇ ಹೋಗಿ ಬಂದಿದ್ದರಂತೆ. ಅವರು ದೊಡ್ಡ ಆಸ್ಪತ್ರೆಗೆ ತೋರಿಸಲು ಹೇಳಿದ್ದರಂತೆ. ಮಗಳ ಹೆರಿಗೆ ಮುಗಿಸಿ ಬಂದು ತೋರಿಸಿದರಾಯಿತೆಂದು ಆ ಚೀಟಿಯನ್ನು ಮಡಿಚಿ ಅಕ್ಕಿಯ ಡಬ್ಬಿಯಲ್ಲಿ ಇಟ್ಟಿದ್ದರು.

ನಾವು ಆ ರಾತ್ರಿ ನಿದ್ರೆ ಮಾಡಲಿಲ್ಲ. ಸುಮಾರು ಇಪ್ಪತ್ತು ಗಂಟೆಗಳ ವಿಮಾನ ಪ್ರಯಾಣವನ್ನು ಅವರು ಆ ಗುಟ್ಟಿನೊಂದಿಗೆ ಮಾಡಲಿದ್ದರು ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮರುವಾರ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಕರೆದೊಯ್ದೆವು. ಇ.ಸಿ.ಜಿ., ಎಕೋ, ರಕ್ತಪರೀಕ್ಷೆಗಳೆಲ್ಲ ಆದವು. ದೇವರ ದಯೆ, ಸ್ಟೆಂಟ್ ಸರಿಯಾಗಿಯೇ ಇತ್ತು. ವೈದ್ಯರು ಗುಳಿಗೆಗಳನ್ನು ಒಂದೊಂದಾಗಿ ನೋಡಿ, ಸೋಮವಾರ ಏನು ವಿಶೇಷ ಎಂದು ಕೇಳಿದರು. ಶ್ರಾವಣ ಸೋಮವಾರ ಒಪ್ಪತ್ತು ಎಂದರು ತಾಯಿಯವರು. ಊಟ ಬಿಟ್ಟಿದ್ದರು, ರಾತ್ರಿಯ ಗುಳಿಗೆ ಬಿಟ್ಟಿರಲಿಲ್ಲ. ಗ್ಲಿಮಿಪಿರೈಡ್ ಎಂಬ ಆ ಗುಳಿಗೆ ಹೊಟ್ಟೆ ಖಾಲಿಯಿದ್ದಾಗ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದಂತೆ. ನಮ್ಮ ಮನೆಗಳಲ್ಲಿ ಸೋಮವಾರದ ಒಪ್ಪತ್ತು ಹಿಡಿಯುವ ಸಕ್ಕರೆ ಕಾಯಿಲೆಯ ತಾಯಂದಿರು ಎಷ್ಟು ಮಂದಿಯಿಲ್ಲ! ಅವರೆಲ್ಲರೂ ವೈದ್ಯರಿಗೆ ತಮ್ಮ ವ್ರತದ ದಿನಗಳನ್ನು ತಿಳಿಸಿದ್ದಾರೆಯೇ ಎಂದು ಮಕ್ಕಳು ವಿಚಾರಿಸಲಿ. ಗುಳಿಗೆಯ ಪ್ರಮಾಣ ಇಳಿಯಿತು. ರಕ್ತದೊತ್ತಡದ ಔಷಧಿಯೂ ಬದಲಾಯಿತು. ಮೂರು ತಿಂಗಳು ನೋಡಿ ಅನಂತರ ಕಳುಹಿಸಿರಿ ಎಂದರು ವೈದ್ಯರು.

ಮೂರು ತಿಂಗಳೆಂದರೆ ಹೆರಿಗೆಗೆ ತಾಯಿ ಇಲ್ಲವೆಂದೇ ಅರ್ಥ. ತಂಗಿ ಫೋನಿನಲ್ಲಿ ಅತ್ತಳು. "ಪರೀಕ್ಷೆಯಲ್ಲಿ ಎಲ್ಲಾ ಸರಿ ಐತಲ್ಲ, ಕಳಿಸಣ್ಣ" ಎಂದು ಬೇಡಿದಳು. ಮನಸ್ಸು ಕರಗದಿರಲಿಲ್ಲ. ಆದರೆ ವೈದ್ಯರ ಮಾತಿನ ಜೊತೆಗೆ ವಿಮೆಯ ಒಂದು ನಿಯಮವೂ ಅಡ್ಡಬಂದಿತು. ಇರುವ ಕಾಯಿಲೆಗಳಿಗೆ ರಕ್ಷಣೆ ಕೊಡುವ ಅನೇಕ ಪಾಲಿಸಿಗಳು ಆ ಕಾಯಿಲೆ ಸ್ಥಿರವಾಗಿರಬೇಕೆಂದು ಕೇಳುತ್ತವೆ. ಹೊರಡುವ ಮುಂಚಿನ ಇಂತಿಷ್ಟು ದಿನಗಳಲ್ಲಿ ಔಷಧಿಯಲ್ಲಿ ಬದಲಾವಣೆ ಆಗಿದ್ದರೆ ರಕ್ಷಣೆ ಸಿಕ್ಕುವುದಿಲ್ಲ. ಆ ದಿನಗಳು ಒಂದೊಂದು ಪಾಲಿಸಿಯಲ್ಲಿ ಒಂದೊಂದು. ಔಷಧಿ ಬದಲಾಗಿ ಮೂರು ವಾರಕ್ಕೆ ವಿಮಾನ ಹತ್ತಿಸಿದ್ದರೆ ಯಾವ ಹೃದಯಕ್ಕಾಗಿ ವಿಮೆ ಕೊಳ್ಳುತ್ತಿದ್ದೆವೋ ಆ ಹೃದಯಕ್ಕೇ ಅದು ಸಲ್ಲುತ್ತಿರಲಿಲ್ಲ. ಟಿಕೆಟನ್ನು ಮಾರ್ಚಿಗೆ ಬದಲಾಯಿಸಿದೆವು. ಜನವರಿಯಲ್ಲಿ ತಂಗಿಗೆ ಗಂಡು ಕೂಸು ಹುಟ್ಟಿತು. ಅಲ್ಲಿಯ ಕನ್ನಡದ ಹೆಣ್ಣುಮಕ್ಕಳು ಸರದಿಯಂತೆ ಬಂದು ಬಿಸಿ ಅಡಿಗೆ ಮಾಡಿಕೊಟ್ಟರು, ಕೂಸಿಗೆ ಎಣ್ಣೆ ನೀರು ಹಾಕಿದರು. ಅವರ ಋಣ ನಮ್ಮ ಮೇಲಿದೆ. ತಾಯಿಯವರು ಎರಡು ತಿಂಗಳು ನಮ್ಮೊಡನೆ ಸರಿಯಾಗಿ ಮಾತನಾಡಲಿಲ್ಲ.

ಆ ಎರಡು ತಿಂಗಳಲ್ಲಿ ನಾವು ಪಾಲಿಸಿಗಳ ಕಾಗದಗಳನ್ನು ಓದಿದೆವು. ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇವೆ.

ಮೊದಲನೆಯದಾಗಿ, ಭಾರತದ ಕಂಪನಿಯ ಪಾಲಿಸಿಯನ್ನು ರೂಪಾಯಿಯಲ್ಲಿ ಕೊಂಡು ಹೋಗಬಹುದು. ಅದನ್ನು ಊರು ಬಿಡುವ ಮೊದಲೇ ಕೊಳ್ಳಬೇಕು. ಇಲ್ಲವೇ ಅಲ್ಲಿರುವ ಮಕ್ಕಳು ಅಮೆರಿಕದ ಸಂದರ್ಶಕರ ವಿಮೆಯನ್ನು ಡಾಲರಿನಲ್ಲಿ ಕೊಳ್ಳಬಹುದು. ಇಲ್ಲಿಯದಕ್ಕೆ ಸಾಮಾನ್ಯವಾಗಿ ಕಂತು ಕಡಿಮೆ. ಆದರೆ ಇಲ್ಲಿಯ ಅನೇಕ ಪಾಲಿಸಿಗಳಲ್ಲಿ ಮೊದಲೇ ಇರುವ ಕಾಯಿಲೆಗೆ ರಕ್ಷಣೆಯಿಲ್ಲ. ಇದ್ದರೂ ಪ್ರಾಣಾಪಾಯದ ತುರ್ತಿನಲ್ಲಿ ಮಾತ್ರ, ಅದೂ ರೋಗಿಯ ಸ್ಥಿತಿ ಸುಧಾರಿಸುವವರೆಗೆ, ಕೆಲವೊಮ್ಮೆ ಒಂದು ಸಣ್ಣ ಮಿತಿಯೊಳಗೆ. ಅರವತ್ತು ದಾಟಿದವರಿಗೆ ಹಾಸಿಗೆ, ಐ.ಸಿ.ಯು., ಶಸ್ತ್ರಚಿಕಿತ್ಸೆ ಹೀಗೆ ಬಾಬಿಗೊಂದು ಮಿತಿ ಹಾಕಿರುವುದೂ ಉಂಟು. ಮುಖಪುಟದಲ್ಲಿ 1 ಲಕ್ಷ ಡಾಲರೆಂದು ದಪ್ಪಕ್ಷರದಲ್ಲಿರುತ್ತದೆ, ಒಳಗಿನ ಪಟ್ಟಿ ಸಣ್ಣಕ್ಷರದಲ್ಲಿರುತ್ತದೆ. ಕನ್ನಡಕ ಹಾಕಿಕೊಂಡು ಆ ಪಟ್ಟಿಯನ್ನೇ ಓದಬೇಕು.

ಅಮೆರಿಕದ ಪಾಲಿಸಿಗಳಲ್ಲಿಯೂ ಒಂದು ಬಗೆಯವು ದಿನಕ್ಕಿಷ್ಟು, ಪರೀಕ್ಷೆಗಿಷ್ಟು ಎಂದು ಗೊತ್ತುಮಾಡಿದ ಹಣವನ್ನಷ್ಟೇ ಕೊಡುತ್ತವೆ. ಬಿಲ್ಲು ಎಷ್ಟೇ ಬರಲಿ, ಅವರ ಲೆಕ್ಕ ಅಷ್ಟೇ. ಇವೇ ಅಗ್ಗದವು, ಇವೇ ಹೆಚ್ಚು ಮಾರಾಟಕ್ಕೆ ಕಣ್ಣಿಗೆ ಬೀಳುವಂಥವು. ಹೃದಯದ ತೊಂದರೆಯಿರುವ ಹಿರಿಯರಿಗೆ ಇವನ್ನು ಕೊಳ್ಳಬಾರದೆಂಬುದು ನಮ್ಮ ಅಭಿಪ್ರಾಯ. ಇನ್ನೊಂದು ಬಗೆಯ ಸಮಗ್ರ ಪಾಲಿಸಿಗಳಲ್ಲಿ ನಮ್ಮ ಪಾಲು ಮೊದಲೇ ನಿಗದಿಯಾಗಿರುತ್ತದೆ. ನಾವು ಕೊಂಡ ಪಾಲಿಸಿಯಲ್ಲಿ ಮೊದಲ 250 ಡಾಲರು ನಮ್ಮದು. ಅದರ ಮೇಲಿನ 5,000 ಡಾಲರಿನಲ್ಲಿ ನೂರಕ್ಕೆ ಇಪ್ಪತ್ತು, ಎಂದರೆ 1,000 ಡಾಲರು ನಮ್ಮದು. ಆಮೇಲಿನದೆಲ್ಲ ಪಾಲಿಸಿಯ ಮಿತಿಯವರೆಗೆ ಕಂಪನಿಯದು. ಒಟ್ಟು 1,250 ಡಾಲರಿಗೆ ನಾವು ಸಿದ್ಧರಿದ್ದರೆ ಸಾಕು. ಇದು ಕಂಪನಿಯ ಜಾಲದಲ್ಲಿರುವ ಆಸ್ಪತ್ರೆಗೆ ಹೋದಾಗಿನ ಮಾತು.

ಈ ಪಾಲಿಸಿಗಳಲ್ಲಿ ಒಂದು ಷರತ್ತು ಬರುತ್ತದೆ. ಮೊದಲೇ ಇದ್ದ ಕಾಯಿಲೆ "ಹಠಾತ್ತನೆ, ಮುನ್ಸೂಚನೆಯಿಲ್ಲದೆ" ಉಲ್ಬಣಿಸಿದರೆ ಮಾತ್ರ ಹಣ ಸಿಕ್ಕುತ್ತದೆ. ರೋಗ ಮೆಲ್ಲಮೆಲ್ಲನೆ ಏರುತ್ತ ಬಂದಿದ್ದರೆ ಇಲ್ಲ. ಚಿಕಿತ್ಸೆಗೆಂದೇ ಆ ದೇಶಕ್ಕೆ ಹೋಗಿದ್ದರೆ ಇಲ್ಲ. ಕಾಣಿಸಿಕೊಂಡ 24 ಗಂಟೆಯೊಳಗೆ ವೈದ್ಯರ ಬಳಿ ಹೋಗದಿದ್ದರೂ ಸಾಮಾನ್ಯವಾಗಿ ಇಲ್ಲ. 70 ದಾಟಿದವರಿಗೆ, 80 ದಾಟಿದವರಿಗೆ ಮಿತಿ ಇಳಿಯುತ್ತ ಹೋಗುತ್ತದೆ. ನಮ್ಮ ಹಿರಿಯರಿಗೆ ವಿವರಿಸಿ ಹೇಳಬೇಕಾದದ್ದು ಆ 24 ಗಂಟೆಯ ಮಾತನ್ನೇ. "ಬೆಳಗಾಗಲಿ ನೋಡೋಣ, ಅಳಿಯಂದಿರ ನಿದ್ದಿ ಯಾಕ ಕೆಡಸಬೇಕು" ಎನ್ನುವ ಸಂಕೋಚ ನಮ್ಮ ತಾಯಂದಿರ ಹುಟ್ಟುಗುಣ. ತಾಯಿಯವರಿಂದ ಇದಕ್ಕೊಂದು ಮಾತು ತೆಗೆದುಕೊಂಡೆವು. ಅಕ್ಕಿ ಡಬ್ಬಿಯ ಚೀಟಿಯ ಪ್ರಸಂಗ ಇನ್ನೂ ಹಸಿಯಾಗಿದ್ದುದರಿಂದ ಅವರು ಎದುರು ಮಾತನಾಡಲಿಲ್ಲ.

ಮಾತು ಮುಗಿಯಿತೆಂದುಕೊಂಡಾಗ ಅವರೇ ಒಂದು ಪ್ರಶ್ನೆ ಕೇಳಿದರು. "ನಾ ಅಲ್ಲೇ ಹೋದೆ ಅಂದ್ರ ಏನ್ ಮಾಡ್ತೀರಿ?" ನಾವು "ಬಿಡಬೇ, ಅಂಥಾ ಮಾತು ಆಡಬ್ಯಾಡ" ಎಂದೆವು. ಅವರು ಬಿಡಲಿಲ್ಲ. ಕಂಪ್ಲಿಯ ತೋಟದಲ್ಲಿ ನಮ್ಮ ತಂದೆಯವರ ಸಮಾಧಿಯಿದೆ. ಅದರ ಪಕ್ಕದಲ್ಲಿ ಜಾಗವನ್ನು ತಮಗೆಂದು ಬಿಡಿಸಿಟ್ಟಿದ್ದಾರೆ. ಅಷ್ಟು ದೂರದಲ್ಲಿ ಸುಟ್ಟುಬಿಟ್ಟರೆ ಏನು ಗತಿಯೆಂಬುದು ಅವರ ಚಿಂತೆ. ಮಣ್ಣು ಕೊಡುವ ಪದ್ಧತಿಯ ನಮ್ಮ ಮನೆಗಳಿಗೆ ಇದು ಸಣ್ಣ ಪ್ರಶ್ನೆಯಲ್ಲ. ಪಾಲಿಸಿಯಲ್ಲಿ ಅದಕ್ಕೂ ಒಂದು ಕಲಮು ಇದೆ: ಪಾರ್ಥಿವ ಶರೀರವನ್ನು ಸ್ವದೇಶಕ್ಕೆ ತರುವ ವೆಚ್ಚ. ಶರೀರವು ಕೆಡದಂತೆ ಮಾಡಿದ ಬಗ್ಗೆ ಪ್ರಮಾಣಪತ್ರ, ಮರಣ ಪತ್ರ, ಭಾರತೀಯ ದೂತಾವಾಸದ ಅನುಮತಿ, ರದ್ದುಪಡಿಸಿದ ಪಾಸ್‌ಪೋರ್ಟು ಇವೆಲ್ಲ ಬೇಕಾಗುತ್ತವೆ. ಶವಸಂಸ್ಕಾರದ ಸಂಸ್ಥೆಯವರು ಈ ಓಡಾಟ ಮಾಡುತ್ತಾರೆ, ಹಣವನ್ನು ವಿಮೆ ಭರಿಸುತ್ತದೆ. ಕೆಲವು ಪಾಲಿಸಿಗಳಲ್ಲಿ ಮೊದಲೇ ಇದ್ದ ಕಾಯಿಲೆಯಿಂದ ಮರಣ ಬಂದರೆ ಈ ಕಲಮೂ ಸಲ್ಲದು. ಆದ್ದರಿಂದ ಕಂಪನಿಗೆ ಪತ್ರ ಬರೆದು ಉತ್ತರವನ್ನು ಲಿಖಿತವಾಗಿಯೇ ತರಿಸಿಕೊಂಡೆವು. ಆ ಉತ್ತರವನ್ನು ತಾಯಿಯವರಿಗೆ ಓದಿ ಹೇಳಿದೆವು. ಪ್ರಯಾಣದ ತಯಾರಿಯಲ್ಲೆಲ್ಲ ಅವರ ಮುಖದಲ್ಲಿ ನಿರಾಳ ಕಂಡದ್ದು ಆ ದಿನವೇ. ಸಾವಿನ ಮಾತನ್ನಾಡಲು ನಾವು ಅಂಜಿದ್ದೆವು, ಅವರು ಅಂಜಿರಲಿಲ್ಲ.

ಇಷ್ಟಲಿಂಗದ ಬೆಳ್ಳಿಯ ಕರಡಿಗೆಯನ್ನು ತಪಾಸಣೆಯಲ್ಲಿ ತೆಗೆಸುವರೇನೋ ಎಂಬ ಅವರ ಅಳುಕಿಗೆ, ಕೇಳಿದರೆ ನಿಧಾನವಾಗಿ ಹೇಳಿ ತೋರಿಸಬಹುದೆಂದು ಸಮಾಧಾನ ಹೇಳಿದೆವು. ಒಂದು ಬಟ್ಟೆಯ ಕೈಚೀಲವನ್ನು ಹೊಲಿಸಿ ಅದರಲ್ಲಿ ಪಾಲಿಸಿಯ ಪ್ರತಿ, ತುರ್ತು ದೂರವಾಣಿ ಸಂಖ್ಯೆ ದೊಡ್ಡಕ್ಷರದಲ್ಲಿ, ಸ್ಟೆಂಟ್ ಹಾಕಿದ ಆಸ್ಪತ್ರೆಯ ಸಾರಾಂಶ, ಇತ್ತೀಚಿನ ಇ.ಸಿ.ಜಿ., ವೈದ್ಯರ ಚೀಟಿ ಇವನ್ನಿಟ್ಟೆವು. ಚೀಟಿಯಲ್ಲಿ ಗುಳಿಗೆಯ ಕಂಪನಿಯ ಹೆಸರಲ್ಲ, ಔಷಧಿಯ ಮೂಲ ಹೆಸರೇ ಇಂಗ್ಲಿಷಿನಲ್ಲಿ ಇರಬೇಕು. ನಮ್ಮ ಅಂಗಡಿಯ ಹೆಸರುಗಳು ಅಲ್ಲಿಯವರಿಗೆ ತಿಳಿಯವು. ಗುಳಿಗೆಗಳನ್ನು ಅವುಗಳ ಪೊಟ್ಟಣದಲ್ಲಿಯೇ, ಕೈಚೀಲದಲ್ಲಿಯೇ ಒಯ್ಯಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ದೊಡ್ಡ ಪೆಟ್ಟಿಗೆಗೆ ಹಾಕಿ ವಿಮಾನದ ಹೊಟ್ಟೆಗೆ ಕಳುಹಿಸಬಾರದು. ಚಳಿಗೆ ಹೆಪ್ಪುಗಟ್ಟಿದರೆ ಕೆಟ್ಟುಹೋಗುತ್ತದೆ. ಗಾಲಿಕುರ್ಚಿಯನ್ನು ಟಿಕೆಟಿನ ಜೊತೆಗೇ ಕೇಳಿದರೆ ವಿಮಾನ ಕಂಪನಿಯವರು ಒದಗಿಸುತ್ತಾರೆ. "ನಾ ಏನ್ ಕುಂಟಿಯೇನು?" ಎಂದು ತಾಯಿಯವರು ಸಿಟ್ಟಾದರೂ, ಬದಲಿ ವಿಮಾನದ ನಿಲ್ದಾಣದ ಉದ್ದವನ್ನು ನೋಡಿದ ಮೇಲೆ ಸುಮ್ಮನೆ ಕುಳಿತರಂತೆ.

ಜೂನ್ ತಿಂಗಳ ಒಂದು ರಾತ್ರಿ ಮೂರು ಗಂಟೆಗೆ ಅವರಿಗೆ ಎದೆ ಒತ್ತಿದಂತಾಯಿತು. ಈ ಬಾರಿ ಅವರು ಗೋಡೆ ಹಿಡಿದು ಕೂರಲಿಲ್ಲ. ಮಗಳ ಕೋಣೆಯ ಬಾಗಿಲು ತಟ್ಟಿದರು. ಆಂಬುಲೆನ್ಸ್ ಬಂದಿತು. ರಕ್ತದೊತ್ತಡ ಮಿತಿಮೀರಿತ್ತು. ಎರಡು ರಾತ್ರಿ ನಿಗಾದಲ್ಲಿಟ್ಟುಕೊಂಡು, ಹೃದಯಾಘಾತವಲ್ಲವೆಂದು ಖಚಿತಪಡಿಸಿಕೊಂಡು ಕಳುಹಿಸಿದರು. ಕೈಚೀಲದಲ್ಲಿದ್ದ ಹಳೆಯ ಇ.ಸಿ.ಜಿ.ಯನ್ನು ಹೊಸದರ ಪಕ್ಕದಲ್ಲಿಟ್ಟು ನೋಡಿದ್ದರಿಂದ ವೈದ್ಯರಿಗೆ ನಿರ್ಧಾರ ಸುಲಭವಾಯಿತೆಂದು ತಂಗಿ ಹೇಳಿದಳು.

ಕ್ಲೇಮು ಬೇಗನೆ ಆಗಲಿಲ್ಲ. ಕಂಪನಿಯವರು ಹಿಂದಿನ ವರ್ಷಗಳ ವೈದ್ಯಕೀಯ ದಾಖಲೆಗಳೆಲ್ಲ ಬೇಕೆಂದರು. ಕಂಪ್ಲಿಯ ವೈದ್ಯರಲ್ಲಿದ್ದದ್ದು ಒಂದು ನೋಟುಪುಸ್ತಕ. ಅವರು ಅದನ್ನು ತಿರುವಿ ಹಾಕಿ, ಶ್ರಾವಣದ ಆ ಭೇಟಿಯನ್ನೂ ಮರೆಮಾಡದೆ, ತಮ್ಮ ಪತ್ರದ ಹಾಳೆಯಲ್ಲಿ ಎರಡು ಪುಟ ಬರೆದು ಮೊಹರು ಹಾಕಿ ಕೊಟ್ಟರು. ಶ್ರಾವಣದ ತೊಂದರೆ, ಬೆಂಗಳೂರಿನ ಪರೀಕ್ಷೆ, ಔಷಧಿಯ ಬದಲಾವಣೆ ಎಲ್ಲವೂ ನಮ್ಮ ನಮೂನೆಯಲ್ಲಿ ಮೊದಲೇ ಇದ್ದುದರಿಂದ ಆ ಪತ್ರ ನಮಗೆ ತೊಡಕಾಗಲಿಲ್ಲ. ನಾಲ್ಕು ತಿಂಗಳ ಮೇಲೆ ಆಸ್ಪತ್ರೆಯ ಹಣ ಸಂದಾಯವಾಯಿತು. ನಮ್ಮ ಪಾಲಿನ 1,250 ಡಾಲರನ್ನು ತಂಗಿ ಕಟ್ಟಿದಳು. ಆಂಬುಲೆನ್ಸಿನವರದು ಬೇರೆಯೇ ಬಿಲ್ಲು. ಅವರು ಜಾಲದಲ್ಲಿಲ್ಲವೆಂದು ಕಂಪನಿ ಅದರಲ್ಲಿ ಸ್ವಲ್ಪವನ್ನಷ್ಟೇ ಕೊಟ್ಟಿತು. ಉಳಿದದ್ದರ ಪತ್ರವ್ಯವಹಾರ ಬಹುಕಾಲ ನಡೆಯಿತು.

ಭಾರತದ ಕಂಪನಿಯ ಪಾಲಿಸಿಯಾಗಿದ್ದು ಕ್ಲೇಮು ತಿರಸ್ಕೃತವಾದರೆ ಸುಮ್ಮನಾಗಬೇಕಿಲ್ಲ. ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಅವರು ತಳ್ಳಿಹಾಕಿದರೆ, ಇಲ್ಲವೇ ಒಂದು ತಿಂಗಳಾದರೂ ಉತ್ತರಿಸದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಅವರಿಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿಗಳವರೆಗಿನ ತಕರಾರನ್ನು ಅವರು ಕೇಳುತ್ತಾರೆ. ಅಮೆರಿಕದ ಕಂಪನಿಯದಾದರೆ ಈ ದಾರಿ ಇಲ್ಲ. ಅಲ್ಲಿಯ ರಾಜ್ಯದ ವಿಮಾ ಇಲಾಖೆಗೆ ಮಕ್ಕಳೇ ಬರೆಯಬೇಕಾಗುತ್ತದೆ. ಎರಡರಲ್ಲಿ ಒಂದನ್ನು ಆರಿಸುವಾಗ ಇದನ್ನೂ ತೂಗಿ ನೋಡಬೇಕು.

ತಾಯಿಯವರು ಸೆಪ್ಟೆಂಬರಿನಲ್ಲಿ ಮರಳಿದರು. ಮೊಮ್ಮಗನ ಹೆರಿಗೆಗೆ ತಮ್ಮನ್ನು ಬಿಡಲಿಲ್ಲವೆಂದು ಬಂದವರೆದುರೆಲ್ಲ ಈಗಲೂ ನಮ್ಮನ್ನು ದೂರುತ್ತಾರೆ. ಜೂನ್ ತಿಂಗಳ ರಾತ್ರಿಯ ವಿಷಯವನ್ನು ಮಾತ್ರ ನಾವು ನೆನಪಿಸಿದಾಗಲಷ್ಟೇ ಹೇಳುತ್ತಾರೆ. ಕೈಚೀಲವನ್ನು ಸಂಡೂರಿನ ಆ ಹಿರಿಯರು ಮಾದರಿಗೆಂದು ಒಯ್ದಿದ್ದಾರೆ. ಅವರು ಮತ್ತೆ ಮಗನ ಮನೆಗೆ ಹೊರಟಿದ್ದಾರೆ, ಈ ಬಾರಿ ದಮ್ಮು ಎಂಬುದನ್ನು ನಮೂನೆಯ ಮೊದಲ ಸಾಲಿನಲ್ಲಿಯೇ ಬರೆಸಿದ್ದಾರೆ. ಎರಡು ಕಂಪನಿಗಳು ಆಗದೆಂದವು. ಮೂರನೆಯದು ಹೆಚ್ಚಿನ ಕಂತಿಗೆ ಒಪ್ಪಿ, ಎದೆಯ ಎಕ್ಸ್‌ರೇ ಕೇಳಿದೆ.